ಷಡ್ಡಕನ ಬಿಳಿ ಅಂಗಿ

ಸಿಂಗಪುರದಲ್ಲಿ ಏನೇನು ನೋಡಿ ಬಂದಿರಿ ಎಂದು ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಒಂದೇ: ಒಂದು ಅಂಗಿ ನೋಡಿ ಬಂದೆ. ಕೇಳಿದವರು ನಗುತ್ತಾರೆ. ನೀರು ಉಗುಳುವ ಸಿಂಹದ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದೂ ಉಂಟು, ನೆತ್ತಿಯ ಮೇಲೆ ಹಡಗು ಹೊತ್ತ ಹಾಗಿರುವ ಆ ಕಟ್ಟಡವನ್ನು ಕತ್ತು ನೋಯುವಷ್ಟು ನೋಡಿದ್ದೂ ಉಂಟು. ಅವನ್ನೆಲ್ಲ ನೀವು ಟಿವಿಯಲ್ಲೇ ನೋಡಿರುತ್ತೀರಿ. ಆ ಅಂಗಿಯನ್ನು ನೋಡಿರುವುದಿಲ್ಲ. ನೋಡದೇ ಇದ್ದರೆ ನಿದ್ದೆಯಾದರೂ ಚೆನ್ನಾಗಿ ಬರುತ್ತದೆ.

ನಾನು ದಾವಣಗೆರೆಯ ಬಟ್ಟೆ ವ್ಯಾಪಾರಿ. ಸೈಕಲ್ಲಿನ ಹಿಂದೆ ಕಟ್ ಪೀಸ್ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತುಳಿದವನು ಈಗ ಎರಡಂತಸ್ತಿನ ಅಂಗಡಿಯಲ್ಲಿ ಕೂತಿದ್ದೇನೆ. ಓದಿದ್ದು ಏಳನೇ ಕ್ಲಾಸು. ನನ್ನ ಬಂಡವಾಳವೆಲ್ಲ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು. ಆ ಎರಡರ ನಡುವೆ ಬಟ್ಟೆ ಇಟ್ಟು ಉಜ್ಜಿದರೆ ಅದು ಯಾವ ಹತ್ತಿ, ಎಷ್ಟು ಒಗೆತ ತಡೆಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಜಂಬಕ್ಕೆ ಹೇಳುತ್ತಿಲ್ಲ. ಈ ಎರಡು ಬೆರಳುಗಳಿಂದಲೇ ನನಗೆ ಹೆಣ್ಣು ಸಿಕ್ಕಿದ್ದು.

ವಿಮಾನ ನಿಲ್ದಾಣ

ಮಂಗಳವಾರ ಬೆಳಗ್ಗೆ ಇಳಿದೆವು. ನನ್ನ ಹೆಂಡತಿ ಗಿರಿಜಾ ತನ್ನ ತಂಗಿಗೆಂದು ಹೊತ್ತು ತಂದಿದ್ದ ಮಂಡಕ್ಕಿ ಚೀಲವನ್ನು ಅಲ್ಲಿನ ಅಧಿಕಾರಿಯೊಬ್ಬಳು ಒತ್ತಿ ಒತ್ತಿ ನೋಡಿ, ಇದು ಸಾಮಾನು ಪ್ಯಾಕ್ ಮಾಡಲು ತುಂಬುವ ವಸ್ತುವೇ ಎಂದು ಕೇಳಿದಳು. ನಾನು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಬಿಟ್ಟಳು. ಹೊರದೇಶಕ್ಕೆ ಹೊರಟವರಿಗೆ ನನ್ನದೊಂದು ಮಾತು: ಬಾರದ ಇಂಗ್ಲಿಷಿನಲ್ಲಿ ವಿವರಿಸಲು ಹೋಗಬೇಡಿ, ತಿಂದು ತೋರಿಸಿ.

ಹೊರಗೆ ಮಹೇಶ ಕಾಯುತ್ತಿದ್ದ. ಗಿರಿಜಾಳ ತಂಗಿ ಉಮಾಳ ಗಂಡ, ಅಂದರೆ ನನ್ನ ಷಡ್ಡಕ. ಮೈಸೂರಿನವನು, ಸಿಂಗಪುರದಲ್ಲಿ ಬ್ಯಾಂಕೊಂದರಲ್ಲಿ ದೊಡ್ಡ ಕೆಲಸ, ನನಗಿಂತ ಹದಿನೈದು ವರ್ಷ ಚಿಕ್ಕವನು. ಒಳ್ಳೆಯ ಮನುಷ್ಯನೇ. ಆದರೆ ಬಟ್ಟೆಯ ವಿಷಯದಲ್ಲಿ ಶುದ್ಧ ಕುರುಡ. ಅವನ ಮದುವೆಯ ಸೂಟಿನ ಬಟ್ಟೆಯನ್ನು ಮುಟ್ಟಿ ನೋಡಿ, "ಇದನ್ನ ಹಾಕ್ಕೊಂಡು ಒಲೆ ಹತ್ರ ಹೋಗಬೇಡಪ್ಪ, ಕರಗಿ ಮೈಗೆ ಅಂಟಿಕೊಳ್ತದೆ" ಎಂದು ನಾನು ಎಲ್ಲರೆದುರು ನಗಿಸಿದ್ದೆ. ಅಂದಿನಿಂದ ನಮ್ಮಿಬ್ಬರ ನಡುವೆ ಬಟ್ಟೆ ನನ್ನ ಇಲಾಖೆ, ಇಂಗ್ಲಿಷು ಅವನ ಇಲಾಖೆ.

ಆವತ್ತು ಅವನು ಬಿಳಿ ಅಂಗಿ ತೊಟ್ಟಿದ್ದ.

ದೂರದಿಂದಲೇ ನನ್ನ ಕಾಲು ನಿಧಾನವಾಯಿತು. ರೇಷ್ಮೆಯಾದರೆ ಬೆಳಕನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ. ಈ ಬಟ್ಟೆ ಬೆಳಕನ್ನು ಒಳಗೇ ಇಟ್ಟುಕೊಂಡಿತ್ತು, ಕಾಯಿಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟುವಾಗ ಇರುತ್ತದಲ್ಲ, ಹಾಗೆ. ತೋಳು ಎತ್ತಿದಾಗ ಸುಕ್ಕು ಬಿತ್ತು, ಇಳಿಸಿದಾಗ ತಾನಾಗಿಯೇ ಹೋಯಿತು. ಇಸ್ತ್ರಿಯ ಗೆರೆಯಿಲ್ಲದೆ ಅದು ಅಷ್ಟು ಅಚ್ಚುಕಟ್ಟಾಗಿ ಭುಜದಿಂದ ಇಳಿದಿತ್ತು.

"ಬನ್ನಿ ಅಣ್ಣ, ಫ್ಲೈಟ್ ಚೆನ್ನಾಗಿತ್ತಾ?" ಎಂದು ಅಪ್ಪಿಕೊಂಡ. ನನ್ನ ಬಲಗೈ ಅವನ ಬೆನ್ನ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು.

"ಅಣ್ಣ, ಸಾಕು ಬಿಡಿ, ಜನ ನೋಡ್ತಿದ್ದಾರೆ."

"ಯಾವ ಬಟ್ಟೆ ಇದು?"

"ಕಾಟನ್ನು."

"ಕಾಟನ್ ಅಂತ ನನಗೆ ಹೇಳಿಕೊಡ್ತೀಯೇನೋ? ಯಾವ ಕಾಟನ್?"

"ಮನೇಲಿ ಹೇಳ್ತೀನಿ. ನಿಮಗೇ ಅಂತ ಸರ್‌ಪ್ರೈಸ್ ಇಟ್ಟಿದ್ದೀನಿ," ಎಂದು ಟ್ರಾಲಿ ತಳ್ಳಿಕೊಂಡು ಹೊರಟ.

ಹೊರಗಿನ ಗಾಳಿ ಅನ್ನ ಬಸಿದ ಹಬೆಯ ಹಾಗಿತ್ತು. ಟ್ಯಾಕ್ಸಿ ಹತ್ತುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದು ನನ್ನ ಅಂಗಡಿಯಲ್ಲೇ ಅತ್ಯುತ್ತಮವಾದ ಬಟ್ಟೆ. ಮಹೇಶನ ಬೆನ್ನು ಒಣಗಿತ್ತು. ಸಿಂಗಪುರದ ರಸ್ತೆ, ಮರ, ಸೇತುವೆಗಳನ್ನು ಗಿರಿಜಾ ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದಳು. ನಾನು ದಾರಿಯುದ್ದಕ್ಕೂ ನೋಡಿದ್ದು ಮುಂದಿನ ಸೀಟಿನಲ್ಲಿದ್ದ ಆ ಬೆನ್ನನ್ನು.

ಹೌಗಾಂಗ್

ಮಹೇಶನ ಮನೆ ಹೌಗಾಂಗಿನ ಸರ್ಕಾರಿ ಫ್ಲ್ಯಾಟುಗಳ ಬ್ಲಾಕೊಂದರ ಹನ್ನೊಂದನೇ ಮಹಡಿಯಲ್ಲಿ. ನೆಲಮಹಡಿಯಲ್ಲಿ ಮನೆಗಳಿಲ್ಲ, ಕಂಬಗಳಷ್ಟೇ. ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಅಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಒಬ್ಬನೂ ಅಲ್ಲಿ ಅಂಗಡಿ ಹಾಕಿಲ್ಲ! ನಮ್ಮೂರಿನಲ್ಲಾದರೆ ಒಂದು ವಾರದಲ್ಲಿ ಇಪ್ಪತ್ತು ಅಂಗಡಿ ಎದ್ದಿರುತ್ತಿದ್ದವು, ಅದರಲ್ಲಿ ಎರಡು ನನ್ನವು.

ಕಾಫಿ ಕುಡಿಯುತ್ತ ಮಹೇಶ ಕಾಲು ಚಾಚಿ ಕೂತು ಹೇಳಿದ: "ಸೀ ಐಲ್ಯಾಂಡ್ ಕಾಟನ್, ಅಣ್ಣ."

ನನ್ನ ಕೈಯ ಲೋಟ ಅಲ್ಲೇ ನಿಂತಿತು.

ಈ ಹೆಸರು ನಮ್ಮ ಮನೆಗೆ ಹೊಸದಲ್ಲ. ನನ್ನ ಮಾವ, ಗಿರಿಜಾಳ ತಂದೆ, ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ನೇಯ್ಗೆಯ ಮಾಸ್ಟರ್ ಆಗಿದ್ದವರು. ಒಮ್ಮೆ ಸಂತೆಯಲ್ಲಿ ನನ್ನ ಸೈಕಲ್ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿ, ಐದು ತುಂಡು ಬಟ್ಟೆ ಕೈಗೆ ಕೊಟ್ಟರು. ಐದನ್ನೂ ಸರಿಯಾಗಿ ಹೇಳಿದೆ. ಮರುವರ್ಷ ಮಗಳನ್ನು ಕೊಟ್ಟರು. ಆ ಮಾವನಿಗೆ ಬದುಕಿನಲ್ಲಿ ಒಂದೇ ಒಂದು ಕೊರಗು. ಹರೆಯದಲ್ಲಿ ನೂಲುವ ವಿದ್ಯೆ ಕಲಿಯಲು ಹೋದಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ಚಿಟಿಕೆ ಸೀ ಐಲ್ಯಾಂಡ್ ಹತ್ತಿ ತೋರಿಸಿದ್ದರಂತೆ. ಮುಟ್ಟಲು ಬಿಡಲಿಲ್ಲವಂತೆ. "ನೋಡೀನಿ, ಮುಟ್ಟಿಲ್ಲ" ಎಂದು ಮಾವ ಹಬ್ಬಕ್ಕೊಮ್ಮೆಯಾದರೂ ಹೇಳುತ್ತಾರೆ. "ನಾನು ತಂದುಕೊಡ್ತೀನಿ ಮಾವ" ಎಂದು ನಾನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಮುಂಬೈಯಲ್ಲಿ ಕೇಳಿದೆ, ಕೊಯಮತ್ತೂರಿನಲ್ಲಿ ಕೇಳಿದೆ. ಆ ಹೆಸರಿನ ಚೀಟಿ ಅಂಟಿಸಿದ ಸುಳ್ಳು ಬಟ್ಟೆ ಎಷ್ಟು ಬೇಕಾದರೂ ಸಿಕ್ಕಿತು, ನಿಜವಾದದ್ದು ಸಿಗಲಿಲ್ಲ.

ಸಿಗುವುದು ಸುಲಭವೂ ಅಲ್ಲ. ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ, ಕಡಲ ಗಾಳಿ ಬೀಸುವ ಸಣ್ಣ ಸಣ್ಣ ಹೊಲಗಳಲ್ಲಿ ಬೆಳೆಯುವ ಹತ್ತಿ ಅದು. ಇಡೀ ಲೋಕದ ಹತ್ತಿಯಲ್ಲಿ ಅದರ ಪಾಲು ಗೋಣಿಯೊಳಗಿನ ಒಂದು ಕಾಳಿನಷ್ಟು. ನಮ್ಮ ಸಾಧಾರಣ ಹತ್ತಿಯ ಎಳೆ ಹೆಚ್ಚೆಂದರೆ ಅಂಗುಲದ ಆಸುಪಾಸು, ಇದರದು ಒಂದೂವರೆ ಅಂಗುಲವನ್ನು ದಾಟುತ್ತದೆ. ಎಳೆ ಉದ್ದವಾದಷ್ಟೂ ನೂಲಿನಿಂದ ಹೊರಗೆ ಚಾಚುವ ತುದಿಗಳು ಕಡಿಮೆ. ಅದಕ್ಕೇ ಆ ನುಣುಪು, ಆ ಹೊಳಪು. ತೆಳ್ಳಗೆ ನೂತರೂ ಹರಿಯುವುದಿಲ್ಲ. ಬೆವರನ್ನು ಹೀರಿ ತಂಪಾಗಿ ಕೂರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಇದೆಲ್ಲ ಮಾವ ಬಾಯಿಪಾಠ ಮಾಡಿಸಿದ್ದು.

ಮಹೇಶನಿಗೆ ಅದು ಸಿಕ್ಕಿದ ಬಗೆ ಕೇಳಿದರೆ ನನ್ನ ಹೊಟ್ಟೆಯುರಿ ನಿಮಗೂ ಅರ್ಥವಾದೀತು. ಆಫೀಸಿನ ಯಾರೋ ಹೇಳಿದರೆಂದು ವುಡ್‌ಲ್ಯಾಂಡ್ಸಿನಲ್ಲಿರುವ ಒಬ್ಬ ಮುದುಕ ದರ್ಜಿಯ ಹತ್ತಿರ ಹೋಗಿದ್ದಾನೆ. ಆತ ಹಿಂದೆ ದೊಡ್ಡ ಅಂಗಡಿಯೊಂದರಲ್ಲಿ ಸಾಹೇಬರ ಅಂಗಿ ಹೊಲಿಯುತ್ತಿದ್ದವನು. ಅಂಗಡಿ ಮುಚ್ಚಿದಾಗ ಯಜಮಾನ ಉಳಿದಿದ್ದ ಈ ಬಟ್ಟೆಯ ತುಂಡನ್ನು ಇವನಿಗೇ ಕೊಟ್ಟುಹೋದನಂತೆ. ಅದರಲ್ಲಿ ಒಂದು ಅಂಗಿ ಮಹೇಶನ ಮೈಮೇಲಿದೆ. ಇನ್ನೊಂದು ಉಡುಪಿಗೆ ಆಗುವಷ್ಟು ಬಟ್ಟೆ ಉಳಿದಿದೆ.

"ಅದನ್ನ ಬುಕ್ ಮಾಡಿಟ್ಟಿದ್ದೀನಿ. ಮಾವನ ಎಂಬತ್ತನೇ ಬರ್ತ್‌ಡೇಗೆ ಜುಬ್ಬಾ. ಶನಿವಾರ ಹೋಗಿ ಬಟ್ಟೆ ತರ್ತೀನಿ, ನೀವು ತಗೊಂಡು ಹೋಗಿ ಕೊಡಿ. ಹೆಂಗಿದೆ ಐಡಿಯಾ?"

"ಭಾವನಿಗೆ ಖುಷಿ ಎಷ್ಟಾಯ್ತು ನೋಡಿ, ಮಾತೇ ಬರ್ತಿಲ್ಲ," ಎಂದಳು ಉಮಾ.

ಮಾತು ಹೇಗೆ ಬಂದೀತು? ಮಾವನ ಮನೆಯ ಯಾವ ಕಾರ್ಯವಿರಲಿ, ಬಟ್ಟೆ ನನ್ನ ಅಂಗಡಿಯಿಂದ ಹೋಗುತ್ತದೆ. ಮಾವ ಕಣ್ಣು ಮುಚ್ಚಿ ಉಜ್ಜಿ ನೋಡಿ "ಭೇಷ್ ಹಾಲೇಶಪ್ಪ" ಎನ್ನುತ್ತಾರೆ. ಎಷ್ಟೋ ವರ್ಷದ ಸಂಪಾದನೆ ಆ ಒಂದು ಭೇಷ್. ಒಲೆ ಹತ್ತಿರ ಹೋಗಬೇಡ ಎಂದು ನಾನು ನಗಾಡಿದ ಮನುಷ್ಯ ಅದನ್ನು ಒಂದು ಫೋನಿನಲ್ಲಿ ಬುಕ್ ಮಾಡಿಟ್ಟಿದ್ದ.

ಸಂಜೆ ಊಟಕ್ಕೆ ಪಕ್ಕದ ಹಾಕರ್ ಸೆಂಟರಿಗೆ ಹೋದೆವು. ಒಂದೇ ಸೂರಿನ ಕೆಳಗೆ ನೂರು ಒಲೆ, ಕಿಕ್ಕಿರಿದ ಜನ. ಒಂದು ಮೇಜು ಖಾಲಿ ಕಂಡಿತು, ಅದರ ಮೇಲೆ ಯಾರೋ ಮರೆತುಹೋದ ಟಿಶ್ಯೂ ಕಾಗದದ ಪೊಟ್ಟಣ. ಪೊಟ್ಟಣ ಎತ್ತಿ ಜೇಬಿಗಿಟ್ಟುಕೊಂಡು ಕೂತೆ. ಮಹೇಶನ ಮಗಳು ದಿಯಾ, ಒಂಬತ್ತು ವರ್ಷ, ಹೌಹಾರಿದಳು.

"ದೊಡ್ಡಪ್ಪ, ಅದು ಚೋಪ್ ಆಗಿದೆ ಲಾ! ವಾಪಸ್ ಇಡಿ!"

ಲಾ ಎನ್ನುವುದು ಅಲ್ಲಿನವರ ಮಾತಿನ ಬಾಲ, ಚೋಪ್ ಎಂದರೆ ಜಾಗ ಹಿಡಿಯುವುದು. ಟಿಶ್ಯೂ ಪೊಟ್ಟಣ ಇಟ್ಟರೆ ಆ ಮೇಜು ಅವರದು. ಅವರು ಎಲ್ಲೋ ಹೋಗಿ ಸಾಲಿನಲ್ಲಿ ನಿಂತು ಊಟ ತರುವ ತನಕ ಯಾರೂ ಅದನ್ನು ಮುಟ್ಟುವುದಿಲ್ಲ. "ನಮ್ಮೂರಲ್ಲಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ್ರೂ ಟವೆಲ್ಲೂ ಉಳಿಯಲ್ಲ, ಸೀಟೂ ಉಳಿಯಲ್ಲ," ಎಂದೆ. ತಟ್ಟೆ ಹಿಡಿದುಕೊಂಡು ಬಂದ ಚೀನೀ ಹೆಂಗಸು ನನ್ನನ್ನು ನೋಡಿ ಬೈಯಲಿಲ್ಲ. ಸುಮ್ಮನೆ ಕಾದು ನಿಂತಳು. ಬೈದಿದ್ದರೆ ಜಗಳವಾಡಬಹುದಿತ್ತು. ಎದ್ದು, ಪೊಟ್ಟಣವನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ದಿಯಾ ನಾಚಿಕೆಯಿಂದ ಅಪ್ಪನ ಹಿಂದೆ ಅಡಗಿದಳು.

ವುಡ್‌ಲ್ಯಾಂಡ್ಸ್

ದರ್ಜಿಯ ವಿಳಾಸದ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಗುರುವಾರ ಬೆಳಗ್ಗೆ ಅಕ್ಕತಂಗಿಯರು ಸೀರೆ ನೋಡಲು ಲಿಟಲ್ ಇಂಡಿಯಾಕ್ಕೆ ಹೊರಟರು. "ನಾನು ಸುಮ್ಮನೆ ಸುತ್ತಾಡಿ ಬರ್ತೀನಿ" ಎಂದು ಛತ್ರಿ ಹಿಡಿದು ನಾನೂ ಹೊರಟೆ. ಮನಸ್ಸಿನಲ್ಲಿ ಇದ್ದದ್ದನ್ನು ಮುಚ್ಚಿಡುವುದಿಲ್ಲ. ಬಟ್ಟೆ ಸುಳ್ಳಾಗಿದ್ದರೆ ಮಹೇಶನನ್ನು ಎಲ್ಲರೆದುರು ಎಚ್ಚರಿಸುವುದು. ನಿಜವಾಗಿದ್ದರೆ ಅವನಿಗಿಂತ ಎರಡು ದಿನ ಮುಂಚೆ ನಾನೇ ಕೊಂಡುಬಿಡುವುದು.

ಎಂಆರ್‌ಟಿ ರೈಲಿನಲ್ಲಿ ಎರಡು ಕಡೆ ಬದಲಿಸಬೇಕು. ಬದಲಿಸಿದೆ. ಆದರೆ ಅವಸರಕ್ಕೆ ಸೆಂಬವಾಂಗಿನಲ್ಲೇ ಇಳಿದುಬಿಟ್ಟೆ. ಅಲ್ಲಿನ ಒಬ್ಬ ಮುದುಕಿಯನ್ನು ದಾರಿ ಕೇಳಿದರೆ, ಆಕೆ ನನ್ನ ತೋಳು ಹಿಡಿದು ಮತ್ತೆ ಪ್ಲಾಟ್‌ಫಾರ್ಮಿಗೆ ಕರೆತಂದು, ಬೆರಳಲ್ಲಿ ಎರಡು ಸ್ಟೇಷನ್ ಎಣಿಸಿ ತೋರಿಸಿ, ರೈಲು ಬರುವ ತನಕ ನಿಂತಿದ್ದು ಹೋದಳು. ಅಂಥ ಊರಿನಲ್ಲಿ ಕಪಟ ಮಾಡಲು ಹೊರಟವನಿಗೆ ಕಷ್ಟ. ಎಲ್ಲರೂ ಸಹಾಯ ಮಾಡುತ್ತಾರೆ.

ದರ್ಜಿಯ ಅಂಗಡಿ ಒಂದು ಬ್ಲಾಕಿನ ಕೆಳಗೆ, ಹಣ್ಣಿನ ಅಂಗಡಿಯ ಪಕ್ಕದಲ್ಲಿ. ಒಳಗೆ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್, ಅದರ ಹಿಂದೆ ಬನಿಯನ್ ತೊಟ್ಟ ಬಡಕಲು ಚೀನೀ ಮುದುಕ. ಎಲ್ಲರೂ ಅವನನ್ನು ಅಂಕಲ್ ಎನ್ನುತ್ತಾರೆ. ಅವನೂ ನನ್ನನ್ನು ಅಂಕಲ್ ಎಂದ. ಇಬ್ಬರದೂ ಮುರುಕು ಇಂಗ್ಲಿಷ್, ಹಾಗಾಗಿ ಮಾತು ಸರಾಗವಾಗಿ ನಡೆಯಿತು.

ಕೊಳ್ಳುವ ವಸ್ತುವನ್ನು ಮೊದಲು ಕೇಳಬಾರದು, ಇದು ನನ್ನ ಮೊದಲ ಪಾಠ. ಬೇರೆ ಏನೇನೋ ಬಟ್ಟೆ ತೆಗೆಸಿದೆ, ಎಲ್ಲದಕ್ಕೂ ಮೂಗು ಮುರಿದೆ. ಕೊನೆಗೆ ಉದಾಸೀನದಿಂದ ಮೇಲಿನ ಗೂಡಿನತ್ತ ಬೆರಳು ತೋರಿಸಿದೆ. ಅಂಕಲ್ ಕೈ ಒರೆಸಿಕೊಂಡು, ತೆಳು ಕಾಗದದಲ್ಲಿ ಸುತ್ತಿದ್ದ ಬಿಳಿ ತುಂಡನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಅಂಚಿಗೆ ಪಿನ್ನಿನಿಂದ ಒಂದು ಚೀಟಿ ಸಿಕ್ಕಿಸಿತ್ತು. ಅದರಲ್ಲಿ ಮಹೇಶನ ಹೆಸರು.

ಬೆರಳುಗಳ ನಡುವೆ ಹಿಡಿದೆ. ಉಜ್ಜಿದೆ. ಏನೂ ತಗುಲಲಿಲ್ಲ. ಬಟ್ಟೆ ಇದೆ ಎಂದು ಗೊತ್ತಾಗಲು ಬೆರಳನ್ನು ಒತ್ತಬೇಕಾಯಿತು. ಮೂವತ್ತು ವರ್ಷ ಬಾಯಿಪಾಠ ಹೇಳಿದ್ದು ಕೈಗೆ ಸಿಕ್ಕಿತ್ತು, ಅದೂ ಇನ್ನೊಬ್ಬನ ಹೆಸರಿನ ಚೀಟಿಯೊಂದಿಗೆ.

"ಹಳೇ ಬಟ್ಟೆ," ಎಂದೆ. "ಹೊಳಪು ಸಾಲದು."

"ಸಾಲದಾ? ಆಗಲಿ ಲಾ," ಎಂದು ಅಂಕಲ್ ಮಡಿಸತೊಡಗಿದ.

"ನೀನು ಎಷ್ಟಕ್ಕೆ ಒಪ್ಪಿದ್ದೀಯೋ ಅದಕ್ಕಿಂತ ಹೆಚ್ಚು ಕೊಡ್ತೀನಿ."

"ಕ್ಯಾನ್‌ನಾಟ್ ಲಾ. ಹೆಸರು ಇದೆ."

ನನ್ನ ಕೊನೆಯ ಅಸ್ತ್ರ ಎದ್ದು ಹೊರಡುವುದು. ದಾವಣಗೆರೆಯಿಂದ ಸೂರತ್ತಿನ ತನಕ ಇದು ಸೋತದ್ದಿಲ್ಲ. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬರಲೇಬೇಕು. ಎದ್ದೆ, ಬಾಗಿಲು ದಾಟಿದೆ, ಹಣ್ಣಿನ ಅಂಗಡಿಯನ್ನೂ ದಾಟಿದೆ. ಹಿಂದಿನಿಂದ ಬಂದದ್ದು "ಬೈ ಬೈ ಅಂಕಲ್!" ಎಂಬ ದನಿ, ಅದೂ ಎಷ್ಟು ಪ್ರೀತಿಯಿಂದ! ಛತ್ರಿ ಮರೆತೆ ಎಂಬ ನೆಪದಲ್ಲಿ ನಾನೇ ವಾಪಸ್ ಹೋಗಬೇಕಾಯಿತು. ಛತ್ರಿ ನನ್ನ ಕೈಯಲ್ಲೇ ಇತ್ತು.

ಆಗ ದಾರಿ ಬದಲಿಸಿದೆ. ಫೋನಿನಲ್ಲಿದ್ದ ಮದುವೆಯ ಫೋಟೊ ತೋರಿಸಿ, "ಈ ಮಹೇಶ ನನ್ನ ತಮ್ಮ. ನಾನು ಊರಲ್ಲಿ ಬಟ್ಟೆ ವ್ಯಾಪಾರಿ. ಮನೆಗೆ ಒಯ್ದು ಪರೀಕ್ಷೆ ಮಾಡಿ ನಾಳೆ ತಂದುಕೊಡ್ತೀನಿ," ಎಂದೆ. ಅಂಕಲ್ ಫೋಟೊ ನೋಡಿದ, ನನ್ನ ಬೆರಳು ನೋಡಿದ.

"ಅಣ್ಣನಾ? ಹಾಗಾದ್ರೆ ತಗೊಂಡು ಹೋಗು. ನಾಳೆ ತಾ. ಕತ್ತರಿಸಬೇಡ, ಒಗೆಯಬೇಡ."

ಮುಂಗಡ ಕೇಳಲಿಲ್ಲ, ಸಹಿ ಕೇಳಲಿಲ್ಲ. ಚೀಟಿಯ ಸಮೇತ ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟ. ವ್ಯಾಪಾರದಲ್ಲಿ ಇರುವವರಿಗೆ ಹೇಳುತ್ತೇನೆ, ನಂಬುವವನ ಹತ್ತಿರ ಚೌಕಾಸಿ ಮಾಡಲು ಹೋಗಬೇಡಿ. ಹಿಡಿಯಲು ಏನೂ ಸಿಗುವುದಿಲ್ಲ.

ಮತ್ತೆ ಹೌಗಾಂಗ್

ಮನೆಯಲ್ಲಿ ಯಾರೂ ಇರಲಿಲ್ಲ. ಊಟದ ಮೇಜಿನ ಮೇಲೆ ಬಟ್ಟೆ ಹರಡಿ ಪರೀಕ್ಷೆಗೆ ಕೂತೆ. ಮುಷ್ಟಿಯಲ್ಲಿ ಹಿಂಡಿ ನೂರು ಎಣಿಸಿ ಬಿಟ್ಟೆ. ಸುಕ್ಕು ನನ್ನೆದುರೇ ಕರಗಿತು. ಅಂಚಿನಿಂದ ಒಂದು ನೂಲು ಎಳೆದು, ಅದರ ಹುರಿ ಬಿಚ್ಚಿ, ಎಳೆ ಬೇರ್ಪಡಿಸಿ, ಕಪ್ಪು ಛತ್ರಿಯ ಮೇಲೆ ಇಟ್ಟೆ. ಬಿಳಿ ಎಳೆಯ ಉದ್ದ ಅಳೆಯಲು ಕಪ್ಪು ಬಟ್ಟೆ ಬೇಕು, ಇದು ಮಾವ ಕಲಿಸಿದ್ದು. ಅದರ ಪಕ್ಕದಲ್ಲಿ ನನ್ನ ಅಂಗಿಯ ಎಳೆಯನ್ನೂ ಇಟ್ಟೆ. ನನ್ನದು ಸುವಿನ್ ಹತ್ತಿ, ನಮ್ಮ ದೇಶದಲ್ಲಿ ಅದಕ್ಕಿಂತ ಮೇಲಿಲ್ಲ. ಮಿಶ್ರ ತಳಿ ಅದು, ಅಪ್ಪನ ಕಡೆಯಿಂದ ಅದರದೂ ಇದೇ ವೆಸ್ಟ್ ಇಂಡೀಸಿನ ರಕ್ತ. ಎರಡೂ ಅಕ್ಕಪಕ್ಕ ಮಲಗಿದವು. ಕೂದಲೆಳೆಯಷ್ಟು, ಹೌದು, ಕೂದಲೆಳೆಯಷ್ಟೇ ಅದು ಮುಂದೆ ಇತ್ತು. ತುಂಬ ಮುಂದಿದ್ದರೆ ಕೈಮುಗಿದು ಬಿಡುತ್ತಿದ್ದೆ. ಕೂದಲೆಳೆಯಷ್ಟರಲ್ಲಿ ಸೋತರೆ ಹೊಟ್ಟೆ ಉರಿಯುತ್ತದೆ.

ತಪ್ಪು ಹುಡುಕಲು ಕೂತವನು ಒಂದು ಗಂಟೆ ಆ ಬಟ್ಟೆಯನ್ನು ಸವರುತ್ತ ಕೂತಿದ್ದೆ ಎಂದು ಬೆವರು ಕಣ್ಣಿಗಿಳಿದಾಗಲೇ ಗೊತ್ತಾದದ್ದು. ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ನನ್ನ ಜೀವಮಾನದ ತಪ್ಪು ಆ ಸ್ನಾನ. ಟವೆಲ್ ಸುತ್ತಿಕೊಂಡು ಹೊರಬಂದರೆ ಅಕ್ಕತಂಗಿಯರು ಬಂದಾಗಿತ್ತು. ಮೇಜು ಖಾಲಿ.

"ಗಿರಿಜಾ, ಇಲ್ಲಿದ್ದ ಬಟ್ಟೆ?"

"ಅಬ್ಬಾ, ಎಂಥ ಬಟ್ಟೆ ತಂದೀರಿ ರೀ! ಅಪ್ಪಾಜಿಗೆ ತಾನೆ? ಒಂದು ಮಾತು ಹೇಳಬಾರದೇನು? ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟೀನಿ."

"ಅರಿಶಿನ? ನಾಲ್ಕೂ ಮೂಲೆಗಾ?"

"ಮತ್ತೆ ಮೂರು ಮೂಲೆಗೆ ಹಚ್ತಾರೇನು? ಹೊಸ ಬಟ್ಟೆ ಹಾಗೇ ಹೊಲಿಸ್ತಾರಾ ಯಾರಾದ್ರೂ?"

ಅವಳದೇನೂ ತಪ್ಪಿಲ್ಲ. ನಮ್ಮ ಮನೆಯಲ್ಲಿ ಕರ್ಚೀಫು ಬಂದರೂ ಅರಿಶಿನ ಹಚ್ಚಿಯೇ ಬಿಚ್ಚುವುದು. ಹೊಸ ಬಟ್ಟೆ ಮನೆಯೊಳಗೆ ಬಂದಿತೆಂದರೆ ಅದು ಮನೆಯದೇ ಎಂದು ಅವಳ ಲೆಕ್ಕ. ನಾಳೆ ವಾಪಸ್ ಕೊಡಬೇಕಾದ ಬಟ್ಟೆಯನ್ನು ಯಾರಾದರೂ ಮನೆಗೆ ತರುತ್ತಾರೆಂದು ಮೂವತ್ತು ವರ್ಷ ನನ್ನ ಜೊತೆ ಬಾಳಿದವಳಿಗೂ ಹೊಳೆಯಲಿಲ್ಲ. ಅಡುಗೆಮನೆಯ ಮೂಲೆಯ ದೇವರ ಗೂಡಿನಲ್ಲಿ ಬಟ್ಟೆ ಕೂತಿತ್ತು, ಮೂಲೆಗಳಲ್ಲಿ ಬೆರಳಗಲ ಹಳದಿ. ಬೇರೆ ಬಟ್ಟೆಯಲ್ಲಾದರೆ ಅರಿಶಿನ ಮಚ್ಚೆಮಚ್ಚೆಯಾಗಿ ಕೂರುತ್ತದೆ. ಇದರಲ್ಲಿ ಬಂಗಾರದ ರೇಕಿನ ಹಾಗೆ ಸಮನಾಗಿ ಇಳಿದಿತ್ತು. ಕಲೆ ಕೂಡ ಆ ಹಾಳು ಬಟ್ಟೆಗೆ ಚೆಂದ ಕಾಣುತ್ತಿತ್ತು!

ಉಮಾ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದಳು. "ಭಾವ, ಪಿನ್ನು ಚುಚ್ಚುತ್ತೆ ಅಂತ ತೆಗೆದೆ. ಇದರ ಮೇಲೆ ಇವರ ಹೆಸರಿದೆಯಲ್ಲ?"

ಸುಳ್ಳು ಹೇಳಲು ಒಂದು ಕ್ಷಣ ಸಾಕಿತ್ತು. ಟವೆಲ್ಲಿನಲ್ಲಿ ನಿಂತವನಿಗೆ ಸುಳ್ಳು ಬೇಗ ಹೊಳೆಯುವುದಿಲ್ಲ. ಗಿರಿಜಾ ನನ್ನ ಮುಖ ನೋಡಿದಳು. ಅವಳಿಗೆ ಅಷ್ಟೇ ಸಾಕಾಯಿತು. "ಬಟ್ಟೆ ಹಾಕ್ಕೊಂಡು ಬರ್ರಿ ಮೊದಲು," ಎಂದಳು.

ಸಂಜೆ ಮಹೇಶ ಬಂದ. ಎಲ್ಲವನ್ನೂ ಹೇಳಿದೆ, ಛತ್ರಿಯ ನೆಪವನ್ನೂ ಬಿಡದೆ. ಅವನು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಕೇಳಿದ. ಮೊದಲು ಮಾತಾಡಿದವಳು ದಿಯಾ.

"ದೊಡ್ಡಪ್ಪ ಮತ್ತೆ ಚೋಪ್ ಮಾಡಿದ್ದು ಎತ್ಕೊಂಡ್ರಾ?"

ಮಹೇಶ ಅವಳನ್ನು ಒಳಗೆ ಕಳಿಸಿ ಕೂತ.

"ಅಣ್ಣ, ಒಂದು ಕೇಳ್ತೀನಿ. ಮಾವ ಫೋನ್ ಮಾಡಿದ್ರೆ ನನ್ ಹತ್ರ ಏನು ಮಾತಾಡ್ತಾರೆ ಗೊತ್ತಾ? ಅಲ್ಲಿ ಮಳೆನಾ, ಊಟ ಆಯ್ತಾ. ಮುಗೀತು. ನನಗೆ ಪ್ರಮೋಷನ್ ಆದಾಗ್ಲೂ 'ಒಳ್ಳೇದಪ್ಪ' ಅಂದು, ಐದು ನಿಮಿಷ ನಿಮ್ಮ ಅಂಗಡಿಗೆ ಬಂದ ಹೊಸ ಪಾಪ್ಲಿನ್ ಬಗ್ಗೆ ಹೇಳಿದ್ರು. ಮದುವೆ ಆದಾಗಿಂದ ನನಗೆ ಅದೇ ಹೊಟ್ಟೆಕಿಚ್ಚು. ಆ ಮನುಷ್ಯನಿಗೆ ಕೇಳ್ಬೇಕು ಅನ್ಸೋದು ಒಂದೇ, ಬಟ್ಟೆ. ಅದಕ್ಕೆ ಎರಡು ವರ್ಷ ಹುಡುಕಿದ್ದು ಇದನ್ನ."

ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟಾರೆಂದು ನನಗೆ ಹೊಳೆದಿರಲಿಲ್ಲ. ಅದೂ ಹನ್ನೊಂದನೇ ಮಹಡಿಯಲ್ಲಿ ತಣ್ಣಗೆ ಕೂತವನು! ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು ಎಂದರೆ ನೀವು ನನ್ನನ್ನು ಬೈಯಬಹುದು.

ಮರುದಿನ ಅವನು ಅರ್ಧ ದಿನ ರಜೆ ಹಾಕಿ ನನ್ನೊಂದಿಗೆ ವುಡ್‌ಲ್ಯಾಂಡ್ಸಿಗೆ ಬಂದ. ಅಂಕಲ್ ಹಳದಿ ಮೂಲೆಗಳನ್ನು ಬೆಳಕಿಗೆ ಹಿಡಿದು, "ಅಯ್ಯೋ, ಸಾರು ಚೆಲ್ಲಿತಾ?" ಎಂದ. ದೇವರ ಮುಂದೆ ಇಟ್ಟದ್ದೆಂದು ಮಹೇಶ ವಿವರಿಸಿದ. "ಪ್ರೇಯರಾ? ಹಾಗಾದ್ರೆ ನಾನು ವಾಪಸ್ ಮುಟ್ಟಲ್ಲ ಲಾ," ಎಂದು ಅಂಕಲ್ ಎರಡು ಕೈಯಲ್ಲಿ ಬಟ್ಟೆಯನ್ನು ನನಗೇ ಚಾಚಿದ. ದುಡ್ಡು ನಾನು ಕೊಡುತ್ತೇನೆಂದು ಹಟ ಹಿಡಿದೆ. ಮಹೇಶ ಬಿಡಲಿಲ್ಲ. ಕೊಡುವುದಕ್ಕಾಗಿ ಚೌಕಾಸಿ ಮಾಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಸೋತೆ.

ರೈಲಿನಲ್ಲಿ ಅವನು ಹೇಳಿದ: "ನೀವೇ ತಗೊಂಡು ಹೋಗಿ. ಬರ್ತ್‌ಡೇಗೆ ನನಗೆ ರಜೆ ಸಿಗ್ತಿಲ್ಲ. ಆದ್ರೆ ಯಾರು ತಂದಿದ್ದು ಅಂತ ಮಾವ ಕೇಳ್ತಾರಲ್ಲ, ಆಗ ನೀವು ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು. ನಾನು ಕೇಳಲ್ಲ."

ಆಣೆ ಹಾಕಿಸಿಕೊಂಡಿದ್ದರೆ ಸುಲಭವಾಗುತ್ತಿತ್ತು. ಆ ಊರಿನ ದರ್ಜಿಯ ಹಾಗೆ ಇವನೂ ನಂಬಿಬಿಟ್ಟ.

ದಾವಣಗೆರೆ

ಬಂದ ಮರುದಿನವೇ ಮಾವನ ಮನೆಗೆ ಹೋದೆ. ಮಾವ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಏನೂ ಹೇಳದೆ ಬಟ್ಟೆಯನ್ನು ಅವರ ತೊಡೆಯ ಮೇಲಿಟ್ಟೆ. ಕಣ್ಣು ಮುಚ್ಚಿ ಉಜ್ಜಿದರು. ಮತ್ತೆ ಉಜ್ಜಿದರು. ಅಂಚಿನಿಂದ ನೂಲು ಎಳೆದು, ಹುರಿ ಬಿಚ್ಚಿ, ಎಳೆಯನ್ನು ಎರಡು ಕೈಗಳ ನಡುವೆ ಹಿಡಿದು ಜಗ್ಗಿದರು. ಅದು ಹರಿಯಲಿಲ್ಲ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

"ಮುಟ್ಟಿದೆ," ಎಂದರು. ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು, "ಭೇಷ್ ಹಾಲೇಶಪ್ಪ. ನೀನು ತಂದೇ ತರ್ತೀಯ ಅಂತ ನನಗೆ ಗೊತ್ತಿತ್ತು," ಎಂದರು.

ಕೇಳಿದ್ದರೆ ಉತ್ತರ ಸಿದ್ಧವಿತ್ತು. ಅವರು ಕೇಳಲೇ ಇಲ್ಲ. ಸುಮ್ಮನಿದ್ದರೆ ಸಾಕಿತ್ತು, ಸುಳ್ಳನ್ನೂ ಹೇಳಬೇಕಿರಲಿಲ್ಲ. ಗಿರಿಜಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ಭೇಷ್ ಅನ್ನು ಒಂದಿಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡೆ, ಬೆಲ್ಲದ ಚೂರಿನ ಹಾಗೆ.

"ನಾನಲ್ಲ ಮಾವ," ಎಂದೆ. "ಮಹೇಶ. ಎರಡು ವರ್ಷ ಹುಡುಕಿ ತಂದಿದ್ದಾನೆ."

ಮಾವ ಕಣ್ಣು ಬಿಟ್ಟರು. "ಯಾರು, ನಮ್ಮ ಮಹೇಶನಾ? ಅವನಿಗೆ ಫೋನ್ ಹಚ್ಚು."

ಹಚ್ಚಿಕೊಟ್ಟೆ. ಅರ್ಧ ಗಂಟೆ ಮಾತಾಡಿದರು. ಮಳೆ ಕೇಳಲಿಲ್ಲ, ಊಟ ಕೇಳಲಿಲ್ಲ. ದರ್ಜಿ ಯಾರು, ಎಷ್ಟು ವರ್ಷದ ಬಟ್ಟೆ, ಒಗೆದ ಮೇಲೆ ನಿನ್ನ ಅಂಗಿ ಹೇಗಾಯಿತು, ತೋಳಿನ ಹತ್ತಿರ ಉಜ್ಜಿ ನೋಡು, ಈಗ ನೋಡು, ಏನನ್ನಿಸುತ್ತದೆ ಹೇಳು. ನಡುವೆ ಒಮ್ಮೆ ನಕ್ಕು, "ನಮ್ಮ ಹಾಲೇಶಪ್ಪ ಮೂವತ್ತು ವರ್ಷದಿಂದ ತರ್ತೀನಿ ಅಂತಿದ್ದ ನೋಡು" ಎಂದದ್ದೂ ಕೇಳಿಸಿತು. ನಾನು ಜಗುಲಿಯ ಕೆಳಗೆ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ್ದೆ. ಚಪ್ಪಲಿ ಕಾಲಿನಲ್ಲೇ ಇತ್ತು.

ಜುಬ್ಬಾ ಹೊಲಿಸುವಾಗ ದರ್ಜಿಯ ಪಕ್ಕದಲ್ಲೇ ನಿಂತು, ಕತ್ತರಿಸಿ ಬಿದ್ದ ಅರಿಶಿನದ ಒಂದು ಮೂಲೆಯನ್ನು ಎತ್ತಿಟ್ಟುಕೊಂಡೆ. ಈಗ ಅದು ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಬಟ್ಟೆ ತಿಳಿದ ಗಿರಾಕಿ ಬಂದರೆ ಕಣ್ಣು ಮುಚ್ಚಲು ಹೇಳಿ ಕೈಗೆ ಕೊಡುತ್ತೇನೆ. ಉಜ್ಜಿ ನೋಡಿದವರು ಬೆಚ್ಚಿ, ಇದು ನಿಮ್ಮಲ್ಲಿ ಸಿಗುತ್ತದಾ ಎಂದು ಕೇಳುತ್ತಾರೆ.

"ನನ್ನಲ್ಲಿ ಇಲ್ಲ," ಎನ್ನುತ್ತೇನೆ. "ನನ್ನ ಷಡ್ಡಕನನ್ನು ಕೇಳಬೇಕು."

ಹಾಗೆ ಹೇಳುತ್ತಲೇ ತುಂಡನ್ನು ಅವರ ಕೈಯಿಂದ ಬಿಡಿಸಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತೇನೆ.